ಬೀಗರಿಬ್ಬರ ನಂಬರು

“ಗುರುಗಳೇ, ಎಲ್ಲವನ್ನೂ ಬಿಟ್ಟುಕೊಟ್ಟ ಮೇಲೂ ಹೊಂದಿಕೆ ಯಾಕೆ ಆಗುವುದಿಲ್ಲ?”

ಹೀಗೆ ಕೇಳಿದವನು ಶಿಷ್ಯ ಮೃತ್ಯುಂಜಯ. ಅವನ ಹೆಗಲಲ್ಲಿ ಬಟ್ಟೆಬರೆಯ ಚೀಲವಿತ್ತು. ಗುರುಗಳು ಮಠದ ಜಗಲಿಯ ಮೇಲೆ ಕೂತು ಶೇಂಗಾ ಸುಲಿಯುತ್ತಿದ್ದರು.

ಮಠದ ಪಾಠಶಾಲೆಯನ್ನು ಮೃತ್ಯುಂಜಯ, ಚೆನ್ನವೀರ ಇಬ್ಬರೂ ಸೇರಿ ನಡೆಸಲಿ ಎಂದು ಗುರುಗಳು ಯುಗಾದಿಯ ಹೊತ್ತಿಗೆ ಹೇಳಿದ್ದರು. ಇಬ್ಬರೂ ಕಲಿತವರು, ಇಬ್ಬರೂ ಒಳ್ಳೆಯವರು. ಆದರೆ ಪಾಠ ಮಾತ್ರ ನಡೆಯುತ್ತಿರಲಿಲ್ಲ. ಮಕ್ಕಳು ಬೆಳಗಿನಿಂದ ಅಂಗಳದಲ್ಲಿ ಚಿನ್ನಿದಾಂಡು ಆಡುತ್ತಿದ್ದರು, ಊಟದ ಗಂಟೆ ಬಾರಿಸಿದಾಗ ಒಳಗೆ ಬರುತ್ತಿದ್ದರು. ಇಂಥ ಶಾಲೆ ಎಲ್ಲ ಊರಲ್ಲೂ ಇರಬೇಕು ಎಂದು ಅವರು ತಮ್ಮೊಳಗೆ ಮಾತಾಡಿಕೊಂಡಿದ್ದರು.

“ಪ್ರಾರ್ಥನೆಯನ್ನು ಚೆನ್ನವೀರನೇ ಶುರುಮಾಡಲಿ ಎಂದು ಸುಮ್ಮನಿದ್ದೆ. ವ್ಯಾಕರಣ ಅವನಿಗೆ ಇಷ್ಟ ಎಂದು ಅದನ್ನು ಮುಟ್ಟಲಿಲ್ಲ. ಮೇಷ್ಟ್ರ ಕುರ್ಚಿಯಲ್ಲಿ ಒಂದು ದಿನವೂ ಕೂರಲಿಲ್ಲ. ಇಷ್ಟಾದರೂ ಅವನು ನನ್ನ ಮುಖ ನೋಡಿ ಮಾತಾಡುವುದಿಲ್ಲ. ಇನ್ನು ಬಿಟ್ಟುಕೊಡಲು ಉಳಿದಿರುವುದು ನಾನು ನಿಂತಿರುವ ಜಾಗ ಒಂದೇ. ಹೊರಡಲು ಅಪ್ಪಣೆ ಕೊಡಿ” ಎಂದ ಮೃತ್ಯುಂಜಯ.

“ಬಸ್ಸಿಗೆ ಇನ್ನೂ ಹೊತ್ತಿದೆ. ಚೀಲವನ್ನು ಆ ಗೋಡೆಯ ಹತ್ತಿರ, ಆ ಇನ್ನೊಂದು ಚೀಲದ ಪಕ್ಕಕ್ಕೆ ಇಡು. ಒಂದು ಕತೆ ಕೇಳಿ ಹೋಗು” ಎಂದರು ಗುರುಗಳು.

ಮಠದ ಚೀಲಗಳೆಲ್ಲ ಒಂದೇ ಬಣ್ಣದವು. ಮೃತ್ಯುಂಜಯ ತನ್ನದನ್ನು ಅಲ್ಲಿಟ್ಟು ಬಂದು ಕೂತ. ಗುರುಗಳು ಅವನ ಮುಂದೆಯೂ ಒಂದು ಹಿಡಿ ಶೇಂಗಾ ಸುರಿದು ಹೇಳತೊಡಗಿದರು.

ಒಂದು ಊರಿನಲ್ಲಿ ಒಬ್ಬ ನೇಕಾರನಿದ್ದ. ಇನ್ನೊಂದು ಊರಿನಲ್ಲಿ ಕಾಗದ ಅಚ್ಚು ಹಾಕುವ ಒಬ್ಬ ಪ್ರೆಸ್ಸಿನವನಿದ್ದ. ಪ್ರೆಸ್ಸಿನವನ ಮಗಳು ದಾನಮ್ಮನನ್ನು ನೇಕಾರನ ಮಗನಿಗೆ ತಂದುಕೊಂಡಿದ್ದರು. ಹಾಗಾಗಿ ಇಬ್ಬರೂ ಬೀಗರು.

ಬೀಗರ ಮರ್ಯಾದೆ ನಿನಗೆ ಗೊತ್ತಲ್ಲ. ಈ ಇಬ್ಬರದು ಅದಕ್ಕಿಂತ ಒಂದು ತೂಕ ಹೆಚ್ಚು. ಊಟಕ್ಕೆ ಕೂತರೆ ಮೊದಲ ತುತ್ತು ಯಾರೂ ಎತ್ತುತ್ತಿರಲಿಲ್ಲ, ರೊಟ್ಟಿ ಸೆಟೆದು ಹೋಗುತ್ತಿತ್ತು. ಹೊಸ್ತಿಲ ಮುಂದೆ ಇಬ್ಬರೂ ಒಟ್ಟಿಗೆ ನಿಂತರಂತೂ ಮುಗಿಯಿತು. ಹಿಂದೆ ಬಂದವರು ಹಿತ್ತಲ ಬಾಗಿಲನ್ನು ಹುಡುಕಬೇಕಾಗಿತ್ತು.

ಪ್ರೆಸ್ಸಿನವನ ಹೆಂಡತಿ ತೀರಿಕೊಂಡಳು. ದೊಡ್ಡ ದೊಡ್ಡ ಯಂತ್ರಗಳು ಬಂದು ಅವನ ಪ್ರೆಸ್ಸೂ ಮುಚ್ಚಿತು. ದಾನಮ್ಮ ಹೋಗಿ, “ಒಬ್ಬನ ಇದ್ದು ಏನ ಮಾಡ್ತೀಯಪ್ಪಾ” ಎಂದು ಅಪ್ಪನನ್ನು ಕರೆದುಕೊಂಡು ಬಂದಳು. ಅವನು ಒಂದು ಟ್ರಂಕು, ಒಂದು ಹಳೆಯ ಕಂಪ್ಯೂಟರು, ಒಂದು ಪ್ರಿಂಟರು ಹಿಡಿದುಕೊಂಡು ಬಂದ. ಮಗಳು ಅಕ್ಕರೆಯಿಂದ ಬಡಿಸಿದಳು. ಬೀಗ ಕೈಹಿಡಿದು ಕೂರಿಸಿಕೊಂಡ. ಆದರೂ ಮಗಳ ಮನೆಯ ಅನ್ನ ಅವನ ಗಂಟಲಲ್ಲಿ ಇಳಿಯಲಿಲ್ಲ. ನಾನು ಇಲ್ಲಿ ಯಾವ ಲೆಕ್ಕಕ್ಕೆ ಇದ್ದೇನೆ ಎಂಬ ಚಿಂತೆ ಅವನನ್ನು ಕೊರೆಯುತ್ತಿತ್ತು.

ನೇಕಾರನಿಗೂ ವಯಸ್ಸಾಗಿತ್ತು. ಮಗ್ಗಕ್ಕೆ ಕೂರಲು ಸೊಂಟ ಒಪ್ಪುತ್ತಿರಲಿಲ್ಲ. ಅವನು ಪಡಸಾಲೆಯಲ್ಲಿ ತನ್ನ ಹಳೆಯ ಕಂಪ್ಯೂಟರಿನ ಮುಂದೆ ಕೂತು ಸೀರೆಯ ಅಂಚಿನ ಚಿತ್ತಾರಗಳನ್ನು ಚೌಕ ಚೌಕವಾಗಿ ಬಿಡಿಸುತ್ತಿದ್ದ. ಅದನ್ನು ನೋಡಿ ನೇಯುವವರಿಗೆ ಕಾಗದದ ಮೇಲೆ ಬೇಕು. ಪರದೆ ನೋಡಿ ಒಂದೊಂದು ಚೌಕವನ್ನೂ ಕೈಯಿಂದ ಹಾಳೆಗೆ ಇಳಿಸುವಷ್ಟರಲ್ಲಿ ಅವನ ಅರ್ಧ ದಿನ ಹೋಗುತ್ತಿತ್ತು.

ಒಂದು ಸಂಜೆ ಪ್ರೆಸ್ಸಿನವನಿಗೆ ಒಂದು ಯೋಚನೆ ಹೊಳೆಯಿತು. ಬೀಗ ಪಡಸಾಲೆಯಲ್ಲಿ ಬಿಡಿಸಿದ್ದು ನನ್ನ ಕೋಣೆಯ ಪ್ರಿಂಟರಿನಲ್ಲಿ ಅಚ್ಚಾಗಿ ಬಂದರೆ ಹೇಗೆ? ಆಗ ನಾನೂ ಈ ಮನೆಯಲ್ಲಿ ಒಂದು ಕೆಲಸಕ್ಕೆ ಬಂದಂತಾಗುತ್ತದೆ. ಉಣ್ಣುವ ತುತ್ತೂ ಇಳಿಯುತ್ತದೆ. ಅಂದು ಅವನು ಒಂದು ರೊಟ್ಟಿ ಹೆಚ್ಚು ತಿಂದ.

ಎರಡೂ ಕಂಪ್ಯೂಟರು ಪೆನ್‌ಡ್ರೈವನ್ನು ಕಂಡರೆ ಮುಖ ತಿರುಗಿಸುವ ಕಾಲದವು. ಆದ್ದರಿಂದ ನೇಕಾರನ ಮಗ ಎರಡರ ನಡುವೆ ವೈರು ಎಳೆದ. ಅವನು ಕರೆಂಟಿನ ಕೆಲಸದವನು. ನಡುವೆ ಒಂದು ಸಣ್ಣ ಡಬ್ಬಿ ಇಟ್ಟು ಎರಡೂ ಕಡೆಯ ವೈರನ್ನು ಅದಕ್ಕೆ ಸಿಕ್ಕಿಸಿದ. ಡಬ್ಬಿಯ ಮೇಲೆ ಹಸಿರು ದೀಪಗಳು ಹತ್ತಿಕೊಂಡವು. ಆಮೇಲೆ ನಂಬರು ಹಾಕುವುದು ಹೇಗೆಂದು ಇಬ್ಬರಿಗೂ ತೋರಿಸಿದ.

“ಒಂದೊಂದು ಕಂಪ್ಯೂಟರಿಗೆ ಒಂದೊಂದು ನಂಬರ ಬೇಕು, ಮನಿ ನಂಬರ ಇದ್ದಂಗ. ಒಬ್ಬರು ಒಂದು ಹಾಕ್ಕೋರಿ, ಒಬ್ಬರು ಎರಡು ಹಾಕ್ಕೋರಿ. ಇಬ್ಬರದೂ ಒಂದ ನಂಬರ ಆತಂದ್ರ ನಡಿಯಂಗಿಲ್ಲ. ಯಾರಿಗೆ ಯಾವುದು ಅಂತ ನೀವ ಮಾತಾಡಿಕೊಳ್ರಿ” ಎಂದು ಹೇಳಿ ಅವನು ಕೆಲಸದ ಮೇಲೆ ಪರಊರಿಗೆ ಹೋದ.

ಬುದ್ಧಿವಂತ ಹುಡುಗ. ಆದರೆ ಇಬ್ಬರು ಬೀಗರಿಗೆ ಮಾತಾಡಿಕೊಳ್ಳಿ ಎಂದು ಹೇಳಿ ಹೋದನಲ್ಲ, ಅಲ್ಲಿ ಎಡವಿದ.

ನೇಕಾರ ತನ್ನ ಕಂಪ್ಯೂಟರಿನ ಮುಂದೆ ಕೂತ. ಬೀಗರು ಮನೆಗೆ ಬಂದವರು, ಒಂದನೆಯ ನಂಬರು ಅವರಿಗೇ ಸಲ್ಲಬೇಕು ಎಂದುಕೊಂಡು ಎರಡು ಹಾಕಿದ. ಪ್ರೆಸ್ಸಿನವನು ತನ್ನ ಕೋಣೆಯಲ್ಲಿ ಕೂತ. ಬೀಗರು ಮನೆಯ ಯಜಮಾನರು, ಒಂದನೆಯ ನಂಬರನ್ನು ನಾನು ಮುಟ್ಟುವುದುಂಟೆ ಎಂದುಕೊಂಡು ಅವನೂ ಎರಡು ಹಾಕಿದ.

ಎರಡೂ ಪರದೆಗಳ ಮೂಲೆಯಲ್ಲಿ ಒಂದು ಸಾಲು ಮೂಡಿತು. ಈ ನಂಬರನ್ನು ಬೇರೆಯವರು ಆಗಲೇ ಹಾಕಿಕೊಂಡಿದ್ದಾರೆ ಎಂದು ಅದರ ಅರ್ಥ.

ನೇಕಾರನ ಮುಖ ಸಪ್ಪಗಾಯಿತು. ಅಯ್ಯೋ, ಬೀಗರು ಎರಡು ಹಾಕಿಕೊಂಡಿದ್ದಾರೆ, ನಾನು ಅವರ ಜಾಗಕ್ಕೇ ಹೋಗಿ ಕೂತೆನಲ್ಲ ಎಂದು ನೊಂದುಕೊಂಡ. ಸದ್ದಿಲ್ಲದೆ ತನ್ನದನ್ನು ಮೂರು ಮಾಡಿದ. ಒಳಗೆ ಪ್ರೆಸ್ಸಿನವನೂ ಹಾಗೆಯೇ ನೊಂದುಕೊಂಡ. ಅವನೂ ಸದ್ದಿಲ್ಲದೆ ಮೂರು ಮಾಡಿದ. ಸ್ವಲ್ಪ ಹೊತ್ತಿಗೆ ಅದೇ ಸಾಲು ಮತ್ತೆ ಬಂತು. ಇಬ್ಬರೂ ನಾಲ್ಕಕ್ಕೆ ಸರಿದರು.

ಪ್ರತಿ ಸಲವೂ ಇಬ್ಬರದೂ ಒಂದೇ ಹೇಗಾಯಿತು ಎಂದು ಹುಬ್ಬು ಗಂಟಿಕ್ಕಬೇಡ ಮೃತ್ಯುಂಜಯ. ಇಕ್ಕಟ್ಟಾದ ಓಣಿಯಲ್ಲಿ ಎದುರಿಗೆ ಬಂದವನಿಗೆ ದಾರಿ ಬಿಡಲು ನೀನು ಪಕ್ಕಕ್ಕೆ ಸರಿದರೆ ಅವನೂ ಅದೇ ಪಕ್ಕಕ್ಕೆ ಸರಿಯುವುದಿಲ್ಲವೆ? ಇದೂ ಹಾಗೆಯೇ ಆಯಿತು.

ಹೋಗಲಿ, ನಿಮ್ಮದು ಯಾವ ನಂಬರು ಎಂದು ಒಬ್ಬರನ್ನೊಬ್ಬರು ಕೇಳಬಹುದಿತ್ತು. ಆದರೆ ಬೀಗರನ್ನು ಹಾಗೆ ಕೇಳುವುದು ಹೇಗೆ? ನನ್ನ ಜಾಗಕ್ಕೆ ನೀವು ಯಾಕೆ ಬಂದಿರಿ ಎಂದು ಕೇಳಿದಂತೆ ಆಗುವುದಿಲ್ಲವೆ? ಆದ್ದರಿಂದ ಊಟಕ್ಕೆ ಕೂತಾಗ ಇಬ್ಬರೂ ವೈರನ್ನು ಬೈದರು.

“ವೈರ್ ಯಾಕೋ ಸರಿ ಇಲ್ಲ ಅನಸ್ತೈತ್ರಿ ಬೀಗರ.”

“ಹೌದ್ರಿ, ಎಲ್ಲಾ ವೈರಿಂದ ದೋಷ.”

ಪಾಪ, ವೈರು ಏನು ಮಾಡೀತು? ಅದನ್ನು ಕಿತ್ತರು, ಊದಿದರು, ಧೋತರದ ಚುಂಗಿನಿಂದ ಒರೆಸಿ ಮತ್ತೆ ಸಿಕ್ಕಿಸಿದರು. ಪೇಟೆಯಿಂದ ಹೊಸದನ್ನೇ ತಂದು ಹಾಕಿದರು. ಡಬ್ಬಿಯ ಹಸಿರು ದೀಪಗಳು ಮೊದಲು ಉರಿಯುತ್ತಿದ್ದ ಹಾಗೆಯೇ ಉರಿದವು. ಚಿತ್ತಾರ ಮಾತ್ರ ಪಡಸಾಲೆ ದಾಟಲಿಲ್ಲ. ಇಬ್ಬರೂ ಐದಕ್ಕೆ ಸರಿದರು, ಆರಕ್ಕೆ ಸರಿದರು, ಏಳಕ್ಕೂ ಸರಿದರು. ಒಂದನೆಯ ನಂಬರು ಅತಿಥಿಗೆಂದು ಹಾಸಿಟ್ಟ ಚಾಪೆಯ ಹಾಗೆ ಖಾಲಿಯಾಗಿಯೇ ಇತ್ತು.

ಬರಬರುತ್ತಾ ಇಬ್ಬರಿಗೂ ಒಬ್ಬರ ಮುಖ ಒಬ್ಬರು ನೋಡುವುದು ಕಷ್ಟವಾಯಿತು. ನೇಕಾರ ಬೇಗನೆ ಉಂಡು ಏಳತೊಡಗಿದ. ಅದನ್ನು ನೋಡಿ, ಬೀಗರಿಗೆ ನನ್ನ ಮೇಲೆ ಬೇಸರ ಬಂದಿದೆ ಎಂದು ಪ್ರೆಸ್ಸಿನವನು ತಿಳಿದ. ಎಲ್ಲಿಗೆ ಸರಿದರೂ ನಾನು ಅವರ ಜಾಗವನ್ನೇ ತುಳಿಯುತ್ತಿದ್ದೇನೆ, ಈ ಮನೆಯಲ್ಲಿ ನಿನಗೆ ಜಾಗವಿಲ್ಲ ಎಂದು ಆ ಯಂತ್ರವೇ ಬಾಯಿಬಿಟ್ಟು ಹೇಳುತ್ತಿದೆ, ಇನ್ನೂ ಕೂತಿದ್ದರೆ ನನ್ನಂಥ ನಾಚಿಕೆಗೆಟ್ಟವನು ಇಲ್ಲ ಎಂದುಕೊಂಡ. ಮರುದಿನ ಬೆಳಿಗ್ಗೆ ಟ್ರಂಕು ಕಟ್ಟಿದ. ಅವನ ಊರಿನಲ್ಲಿ ಅವನಿಗಾಗಿ ಕಾಯುವವರು ಯಾರೂ ಇರಲಿಲ್ಲ. ಆದರೂ ಕಟ್ಟಿದ.

ಅದೇ ಹೊತ್ತಿಗೆ ಪಡಸಾಲೆಯಲ್ಲಿ ನೇಕಾರನೂ ಒಂದು ತೀರ್ಮಾನಕ್ಕೆ ಬಂದಿದ್ದ. ಬೀಗರು ಕೊರಗಿ ಕೊರಗಿ ಬಡವಾಗುತ್ತಿದ್ದಾರೆ, ಇದಕ್ಕೆಲ್ಲ ನನ್ನ ಕಂಪ್ಯೂಟರೇ ಕಾರಣ, ಅದು ಇಲ್ಲದಿದ್ದರೆ ಅವರದು ನೆಮ್ಮದಿಯಾಗಿ ಇರುತ್ತದೆ ಎಂದುಕೊಂಡು ಅದನ್ನು ಗುಜರಿಗೆ ಹಾಕಲು ಎದೆಗೆ ಅವುಚಿಕೊಂಡು ಎದ್ದ. ಅಂಚು ಬಿಡಿಸುವುದು ಬಿಟ್ಟರೆ ಅವನಿಗೆ ಬೇರೆ ಕೆಲಸ ತಿಳಿಯದು. ಆದರೂ ಎದ್ದ.

ಇಬ್ಬರೂ ಹೊಸ್ತಿಲಲ್ಲಿ ಎದುರಾದರು. ಒಬ್ಬನ ಕೈಯಲ್ಲಿ ಟ್ರಂಕು, ಒಬ್ಬನ ಎದೆಯ ಮೇಲೆ ಕಂಪ್ಯೂಟರು.

“ಮೊದಲ ನೀವ ನಡೀರಿ ಬೀಗರ.”

“ಛೇ ಛೇ, ನಿಮ್ಮನ್ನ ಬಿಟ್ಟು ನಾ ಹೆಂಗ ದಾಟಲಿ? ನೀವ ನಡೀರಿ.”

ಮನೆಯನ್ನೇ ಬಿಟ್ಟು ಹೋಗುವವನೂ ಮರ್ಯಾದೆ ಬಿಡಲಿಲ್ಲ ನೋಡು! ದಾನಮ್ಮ ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು. ಟ್ರಂಕನ್ನು ನೋಡಿದಳು, ಕಂಪ್ಯೂಟರನ್ನು ನೋಡಿದಳು. ಏನಾಯಿತು ಎಂದು ಕೇಳಿದಳು. ಇಬ್ಬರೂ ವೈರು ಸರಿ ಇಲ್ಲ ಎಂದರು. ಗಂಡ ಹೊರಡುವಾಗ ಹೇಳಿದ್ದು ಅವಳ ಕಿವಿಗೂ ಬಿದ್ದಿತ್ತು.

“ವೈರ್ ಇರಲಿ. ಅಪ್ಪಾ, ನೀ ಎಷ್ಟ ನಂಬರ ಹಾಕೀಯಿ? ಮಾವಾರ, ನಿಮ್ಮದೆಷ್ಟ?”

“ಏಳು” ಎಂದರು ಇಬ್ಬರೂ, ಒಂದೇ ಉಸಿರಿಗೆ.

“ಮತ್ತ ಒಂದು?”

“ಅದು ಬೀಗರದು” ಎಂದು ಇಬ್ಬರೂ ಒಬ್ಬರ ಕಡೆಗೆ ಒಬ್ಬರು ಗದ್ದ ಎತ್ತಿ ತೋರಿಸಿದರು. ಕೈ ಖಾಲಿ ಇರಲಿಲ್ಲವಲ್ಲ.

ದಾನಮ್ಮ ಅಲ್ಲೇ ಕುಸಿದು ಕೂತು ನಕ್ಕಳು. ಹಿಟ್ಟಿನ ಕೈಯಿಂದ ಕಣ್ಣು ಒರೆಸಿಕೊಂಡು ಮತ್ತೆ ನಕ್ಕಳು. ಆಮೇಲೆ ಸಿಟ್ಟು ಬಂದು, “ಇಬ್ಬರೊಳಗ ಒಬ್ಬರು ಒಂದು ತಗೊಳ್ಳೋತನಕ ಇವತ್ತ ಒಲಿ ಹಚ್ಚಂಗಿಲ್ಲ” ಎಂದಳು.

ಬಿಟ್ಟುಕೊಡುವುದು ಇಬ್ಬರಿಗೂ ನೀರು ಕುಡಿದಷ್ಟು ಸುಲಭವಾಗಿತ್ತು. ತೆಗೆದುಕೊಳ್ಳುವುದು ಹೇಗೆಂದು ಇಬ್ಬರಿಗೂ ಗೊತ್ತಿರಲಿಲ್ಲ. ಎದೆಯ ಮೇಲಿನ ಭಾರ ತಾಳದೆ ನೇಕಾರ ಕಂಪ್ಯೂಟರನ್ನು ಹೊಸ್ತಿಲ ಪಕ್ಕಕ್ಕೆ ಇಳಿಸಿದ. ಕೊನೆಗೆ ಅವನೇ ನಾಚಿಕೊಂಡು, ನೆಲ ನೋಡುತ್ತಾ ಹೇಳಿದ.

“ಒಂದು ನನಗಿರಲಿ. ಎರಡು ನೀವ ತಗೋರಿ ಬೀಗರ. ನೀವು ಹ್ವಾದ್ರ ನನ್ನ ಅಂಚು ಯಾರು ಅಚ್ಚ ಹಾಕ್ತಾರ?”

ಪ್ರೆಸ್ಸಿನವನು ಟ್ರಂಕನ್ನು ಕೆಳಗಿಟ್ಟು, “ಆಗಲ್ರಿ” ಎಂದ. ಅಷ್ಟು ಸಂತೋಷ ಅವನಿಗೆ ಪ್ರೆಸ್ಸು ತೆರೆದ ದಿನವೂ ಆಗಿರಲಿಲ್ಲ.

ಒಬ್ಬ ಒಂದು ಹಾಕಿದ, ಒಬ್ಬ ಎರಡು ಹಾಕಿದ. ಪಡಸಾಲೆಯಲ್ಲಿ ಬಿಡಿಸಿದ ಅಂಚು ಕೋಣೆಯ ಪ್ರಿಂಟರಿನಿಂದ ಕಿರ್ರೆಂದು ಸದ್ದು ಮಾಡುತ್ತಾ ಹೊರಗೆ ಬಂತು. ಪ್ರೆಸ್ಸಿನವನು ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದ. ಬಹಳ ಹೊತ್ತು ನೋಡಿದ. ಆಮೇಲೆ ಕೋಣೆಯಿಂದಲೇ ಕೂಗಿದ.

“ಬೀಗರ, ಇಲ್ಲೊಂದು ಚೌಕ ತಪ್ಪೈತಿ!”

“ನನ್ನ ಚೌಕ ಎಂದೂ ತಪ್ಪಂಗಿಲ್ಲ. ನಿಮ್ಮ ಕಣ್ಣಾಗ ಪೊರಿ ಬಂದೈತಿ, ತೋರಿಸ್ಕೋರಿ!”

ಮಾತಿಗೆ ಮಾತು ಬೆಳೆಯಿತು. ಅಡುಗೆಮನೆಯಲ್ಲಿ ದಾನಮ್ಮ ಒಲೆ ಹಚ್ಚಿದಳು. ಅಂದು ಇಬ್ಬರೂ ಜಗಳ ಮಾಡುತ್ತಲೇ ಊಟಕ್ಕೆ ಬಂದರು, ರೊಟ್ಟಿ ಬಿಸಿಯಿರುವಾಗಲೇ ಮುರಿದರು.

ಗುರುಗಳು ಕತೆ ನಿಲ್ಲಿಸಿ ಅಂಗೈಯಲ್ಲಿದ್ದ ಶೇಂಗಾ ಸಿಪ್ಪೆಯನ್ನು ಊದಿದರು. ಮೃತ್ಯುಂಜಯ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ.

“ಎಂಥ ಹುಚ್ಚರು ಗುರುಗಳೇ! ನಿಮ್ಮದು ಯಾವ ನಂಬರು ಎಂದು ಒಂದು ಮಾತು ಕೇಳಿದ್ದರೆ ಎಲ್ಲ ಮುಗಿಯುತ್ತಿತ್ತು. ಅಷ್ಟಕ್ಕೆ ಟ್ರಂಕು ಕಟ್ಟುವುದೆ?” ಎಂದ. ಮಕ್ಕಳ ಗದ್ದಲ ಅಂಗಳದಿಂದ ಕೇಳಿಬರುತ್ತಿತ್ತು. ಬಸ್ಸಿನ ಹೊತ್ತಾಯಿತೆಂದು ನೆನಪಾಗಿ ಅವನು ಎದ್ದು, ಗೋಡೆಯ ಹತ್ತಿರ ಹೋಗಿ ಚೀಲಕ್ಕೆ ಕೈ ಹಾಕಿದ.

“ನೋಡಿ ತೆಗೆದುಕೋ, ಪಕ್ಕದಲ್ಲಿರುವುದು ಚೆನ್ನವೀರನದು, ಮೃತ್ಯುಂಜಯನಿಗೆ ಜಾಗವಾಗಲಿ ಎಂದು ಬೆಳಿಗ್ಗೆ ಅವನೂ ಅಪ್ಪಣೆ ಕೇಳಲು ಬಂದಿದ್ದ” ಎಂದರು ಗುರುಗಳು.

ಮೃತ್ಯುಂಜಯನ ಕೈ ಎರಡು ಚೀಲಗಳ ನಡುವೆ ನಿಂತಿತು.