ಎರಡು ಬುಟ್ಟಿ ಬಸವನಹುಳು

ಹೊಳೆದಂಡೆಯ ಕೊಠಡಿಯಲ್ಲಿ ಜೀವವಿಜ್ಞಾನ ಕಲಿಸುತ್ತಿದ್ದ ದೇವೇಂದ್ರಯ್ಯನವರ ಬಳಿಗೆ ಶಿಷ್ಯೆ ಚಂಪಾ ಓಡೋಡಿ ಬಂದಳು. ಕೈಯಲ್ಲಿ ಹೊಚ್ಚಹೊಸ ತಂತಿ ಪಂಜರ. ಒಳಗೆ ಸತ್ತ ಬಸವನಹುಳುಗಳು.

ಕಾರ್ಖಾನೆಯ ಮೋರಿ ಹೊಳೆ ಸೇರುವಲ್ಲಿ ಅವನ್ನು ಇಳಿಬಿಟ್ಟು ವಾರವಾಗಿತ್ತಷ್ಟೆ. ಒಂದೂ ಉಳಿದಿಲ್ಲ. ಚಂಪಾಗೆ ಖುಷಿಯೋ ಖುಷಿ. ಹುಳು ಸತ್ತದ್ದಕ್ಕೆ ಹಿಗ್ಗುವವರನ್ನು ಇನ್ನೆಲ್ಲಿ ನೋಡಬೇಕು!

ಆದರೆ ಹಿಗ್ಗಿಗೆ ಕಾರಣವಿತ್ತು. ಅಂಬಿಗರ ದುರುಗವ್ವನ ಬಲೆಗೆ ಮರಿಮೀನು ಬೀಳುವುದೇ ನಿಂತುಹೋಗಿತ್ತು. ಮೋರಿ ನೀರಿನ ಬಗ್ಗೆ ವಿಚಾರಣೆ ಹತ್ತಿರ ಬಂದಿತ್ತು. ಆ ನೀರು ವಿಷ ಎಂಬುದಕ್ಕೆ ಪುರಾವೆ ಸಿಗದಿದ್ದರೆ ಅಂಬಿಗರ ಕೇರಿಯವರು ಹೊಳೆಯನ್ನೇ ಬಿಟ್ಟು ಹೋಗಬೇಕು.

“ಹೊಳೆಯಲ್ಲಿ ಮೋರಿಗಿಂತ ಮೇಲೆ ಇಟ್ಟವು ಹೇಗಿವೆ?” ಅಂದರು ಗುರುಗಳು.

ಅಲ್ಲಿ ಇಟ್ಟೇ ಇರಲಿಲ್ಲ. ಮೇಲಿನ ನೀರು ಚೆನ್ನಾಗಿದೆ ಅಂತ ಊರಿಗೇ ಗೊತ್ತಲ್ಲ, ಎಂದಳು ಚಂಪಾ. ಅಲ್ಲೂ ಇಟ್ಟು ನೋಡು, ಅಂದರು ಗುರುಗಳು. ಅವಳು ಗೊಣಗುತ್ತಲೇ ಹೋಗಿ ಅಂಥದೇ ಇನ್ನೊಂದು ಪಂಜರ ಇಟ್ಟಳು.

ಅಲ್ಲಿಯೂ ಸತ್ತವು.

ಚಂಪಾಳ ಮುಖ ಸಪ್ಪಗಾಯಿತು. ಹಾಗಾದರೆ ಕಾರ್ಖಾನೆಯದು ತಪ್ಪೇ ಇಲ್ಲವೇ? ದುರುಗವ್ವನಿಗೆ ಇನ್ನು ಹೇಗೆ ಮುಖ ತೋರಿಸಲಿ ಎಂದು ಕೂತುಬಿಟ್ಟಳು.

ಗುರುಗಳು ಎರಡು ಬಾನಿಗೆ ತಮ್ಮ ಬಾವಿಯ ನೀರು ತುಂಬಿಸಿದರು. ಒಂದರಲ್ಲಿ ಅವಳ ಪಂಜರ ಇಟ್ಟರು. ಇನ್ನೊಂದರಲ್ಲಿ ದುರುಗವ್ವನ ಮನೆಯಿಂದ ಕೇಳಿ ತಂದ ಹಳೆಯ ಬಿದಿರು ಬುಟ್ಟಿ. ಎರಡಕ್ಕೂ ಹುಳು ಬಿಟ್ಟರು.

ಕೆಲವೇ ದಿನಗಳಲ್ಲಿ ಪಂಜರದವು ಸತ್ತವು. ಬುಟ್ಟಿಯವು ಆರಾಮವಾಗಿ ಎಲೆ ಮೇಯುತ್ತಿದ್ದವು.

ಚಂಪಾ ಪಂಜರದ ಮಿರಿಮಿರಿ ತಂತಿಯನ್ನು ಉಗುರಿನಿಂದ ಕೆರೆದು ನೋಡಿದಳು. ತುಕ್ಕು ಹಿಡಿಯದಿರಲೆಂದು ಅದಕ್ಕೆ ಬಳಿದಿದ್ದ ಸತು ನೀರಿಗೆ ಬಿಟ್ಟುಕೊಂಡು ಹುಳುಗಳನ್ನು ಕೊಂದಿತ್ತು. ಇಷ್ಟು ದಿನ ವಿಷ ಹಾಕಿದ್ದು ತಾನೇ! ಅವಳಿಗೆ ನಾಚಿಕೆಯಾಯಿತು. ಗುರುಗಳು ಬೈಯಲಿಲ್ಲ, ಇನ್ನೊಂದು ಬುಟ್ಟಿ ತರಿಸಿಕೊಟ್ಟರು.

ಈ ಸಲ ಮೋರಿಗಿಂತ ಮೇಲೊಂದು ಬುಟ್ಟಿ, ಕೆಳಗೊಂದು ಬುಟ್ಟಿ. ವಿಚಾರಣೆಯ ಹಿಂದಿನ ದಿನ ಎರಡನ್ನೂ ಎತ್ತಿ ತಂದಳು.

ಮೇಲಿನವು ಬದುಕಿದ್ದವು. ಅಲ್ಲಿಟ್ಟ ಎಲೆಗಳಿಗೆಲ್ಲ ಲೋಳೆಲೋಳೆಯಾಗಿ ಮೊಟ್ಟೆ ಅಂಟಿತ್ತು. ಕೆಳಗಿನವೂ ಬದುಕಿದ್ದವು. ಆ ಎಲೆಗಳ ಮೇಲೆ ಒಂದು ಮೊಟ್ಟೆಯೂ ಇರಲಿಲ್ಲ.

ಚಂಪಾಗೆ ಅಳುವೇ ಬಂತು. “ಒಂದೂ ಸತ್ತಿಲ್ಲ ಸರ್. ನಾಳೆ ವಿಚಾರಣೆಯಲ್ಲಿ ನಾನು ಏನಂತ ಹೇಳಲಿ?”

ಗುರುಗಳು ಎರಡು ಬುಟ್ಟಿಯಿಂದಲೂ ಒಂದೊಂದು ಎಲೆ ತೆಗೆದು ಅವಳ ಅಂಗೈ ಮೇಲಿಟ್ಟರು.

“ಸತ್ತಿಲ್ಲ ಅಂತಲೇ ಹೇಳು. ಆಮೇಲೆ, ಕೆಳಗಿನವುಗಳ ಮೊಟ್ಟೆ ಎಲ್ಲಿ, ದುರುಗವ್ವನ ಮರಿಮೀನು ಎಲ್ಲಿ ಅಂತ ಕೇಳು.”