ಹಲಸಿನ ಗಿಟಾರಿನ ಒಳಗಿನ ಹೆಸರು

ಮಂಗಳೂರಿನ ಜೆಪ್ಪುವಿನ ಒಂದು ಓಣಿಯಲ್ಲಿ ಲಾಜರಸ್ ಎಂಬ ಗಿಟಾರ್ ಮೇಸ್ತ್ರಿ ಇದ್ದರು. ಎಲೆಕ್ಟ್ರಿಕ್ ಗಿಟಾರ್ ಮಾಡುವುದರಲ್ಲಿ ಅವರನ್ನು ಮೀರಿಸುವವರು ಇಡೀ ಕರಾವಳಿಯಲ್ಲೇ ಇರಲಿಲ್ಲ. ಇದು ನನ್ನ ಮಾತಲ್ಲ, ಅವರದೇ ಮಾತು. ಹಾಗಂತ ಸುಳ್ಳೂ ಅಲ್ಲ.

ಅಂಥ ಗಿಟಾರಿನಲ್ಲಿ ತಂತಿಗಳ ಕೆಳಗೆ ಪಿಕಪ್ ಎಂಬ ಸಣ್ಣ ಪೆಟ್ಟಿಗೆಯೊಂದು ಕೂತಿರುತ್ತದೆ, ನೀವು ನೋಡಿರಬಹುದು. ಅಯಸ್ಕಾಂತಕ್ಕೆ ಕೂದಲಿನಷ್ಟು ತೆಳ್ಳಗಿನ ತಾಮ್ರದ ಎಳೆ ಸುತ್ತಿ ಮಾಡಿದ್ದು ಅದು. ಮೀಟಿದ ತಂತಿಯ ನಡುಕವನ್ನು ಹಿಡಿದು ಸ್ಪೀಕರಿಗೆ ಕಳಿಸುತ್ತದೆ. ಎಳೆಯ ಸುತ್ತು ಹೆಚ್ಚಾದರೆ ನಾದ ದಪ್ಪವಾಗುತ್ತದೆ, ಕಡಿಮೆಯಾದರೆ ತೆಳುವಾಗಿ ಬಿಡಿಬಿಡಿಯಾಗಿ ಕೇಳುತ್ತದೆ. ಲಾಜರಸ್ ಪಿಕಪ್ಪನ್ನು ಪೇಟೆಯಿಂದ ತಂದವರಲ್ಲ. ಪ್ರತಿಯೊಂದಕ್ಕೂ ಸ್ವಂತ ಕೈಯಿಂದ ಎಂಟು ಸಾವಿರ ಸುತ್ತು ಸುತ್ತುತ್ತಿದ್ದರು. ಮೇಲೊಂದು ಹಿತ್ತಾಳೆಯ ಮುಚ್ಚಳ, ಮುಚ್ಚಳದ ಮೇಲೆ ಅವರೇ ಕೆತ್ತಿದ ಒಂದು ಮೀನು. ಗಿಟಾರಿನ ಮೈ ಯಾವಾಗಲೂ ಸಾಗುವಾನಿಯದು. ಸಾಗುವಾನಿ ಗಟ್ಟಿ ಮರ, ಅವರ ಹಲಗೆಗಳ ದನಿ ಕಿವಿಗೆ ಚುಚ್ಚುವಷ್ಟು ಚುರುಕು. ಆ ಚುರುಕಿಗೆ ಈ ದಪ್ಪ ಪಿಕಪ್ ಸೇರಿದರೆ ಸ್ವರ ಹದವಾಗಿ ಬರುತ್ತಿತ್ತು. ಮೀನಿನ ಗುರುತಿನ ಗಿಟಾರ್ ಎಂದರೆ ಬ್ಯಾಂಡಿನವರು ಕಣ್ಣು ಮುಚ್ಚಿ ಒಪ್ಪುತ್ತಿದ್ದರು.

ಆ ಅಂಗಡಿಯಲ್ಲಿ ಒಂದು ಪದ್ಧತಿ ಇತ್ತು. ಗಿಟಾರಿನ ಬೆನ್ನಿನಲ್ಲಿ ವಯರುಗಳಿಗಾಗಿ ಒಂದು ಗುಳಿ ಇರುತ್ತದಲ್ಲ, ಅದನ್ನು ಮುಚ್ಚುವ ಮೊದಲು ಒಳಗೆ ಪೆನ್ಸಿಲಿನಲ್ಲಿ ಹೆಸರು ಬರೆಯಬೇಕು. ಮೈ ಕೊರೆದವರ ಹೆಸರಲ್ಲ, ದನಿ ಕೊಟ್ಟವರ, ಅಂದರೆ ಪಿಕಪ್ ಸುತ್ತಿದವರ ಹೆಸರು. ಮೂವತ್ತು ವರ್ಷಗಳಿಂದ ಅಲ್ಲಿ ಲಾಜರಸ್ ಅವರ ಹೆಸರನ್ನು ಬಿಟ್ಟು ಇನ್ನೊಂದು ಬಿದ್ದಿರಲಿಲ್ಲ.

ಅವರಿಗೊಬ್ಬಳು ಶಿಷ್ಯೆ, ವಾರಿಜಾ. ಬಡಗಿಯ ಮಗಳು. ಆರು ವರ್ಷದಿಂದ ಮೈ ಕೊರೆಯುತ್ತಿದ್ದಳು, ಉಜ್ಜುತ್ತಿದ್ದಳು, ಪಾಲಿಶ್ ಹಾಕುತ್ತಿದ್ದಳು. ಒಂದೇ ಒಂದು ಗಿಟಾರಿನ ಒಳಗಾದರೂ ತನ್ನ ಹೆಸರು ಬರೆಯಬೇಕೆಂಬುದು ಅವಳ ಆಸೆ. ಬಂದ ಮೊದಲ ದಿನ ಮೇಸ್ತ್ರಿ ಅವಳ ಕಿವಿಯನ್ನು ಒಂದು ಹಲಗೆಗೆ ಒತ್ತಿಸಿ, ಬೆರಳಿನ ಗೆಣ್ಣಿನಿಂದ ತಟ್ಟಿ ಹೇಳಿದ್ದರು: “ಮೊದಲು ಮರ ಎಂತ ಹೇಳ್ತದೆ ಕೇಳು. ಮತ್ತೆ ಪಿಕಪ್ ಸುತ್ತು.” ಅವಳು ಅದನ್ನು ಮರೆಯಲಿಲ್ಲ. ಹೇಳಿದವರು ಮರೆತಿದ್ದರು. ದಿನಾ ಅದೇ ಸಾಗುವಾನಿ, ತಟ್ಟಿ ನೋಡುವುದಕ್ಕೆ ಏನಿದೆ?

ಹೀಗಿರುವಾಗ ಮದುವೆ ಬ್ಯಾಂಡಿನ ಎಲಿಯಾಸ್ ಒಂದು ದೊಡ್ಡ ಹಲಗೆ ಹೊತ್ತು ತಂದ. ಅವನ ಚರ್ಚಿನ ಹಿಂದೆ ಗಾಳಿಗೆ ಬಿದ್ದ ಹಲಸಿನ ಮರದ್ದು. ಚೆನ್ನಾಗಿ ಒಣಗಿತ್ತು. ಅದರಲ್ಲೇ ಗಿಟಾರ್ ಆಗಬೇಕು ಎಂದ. ವಾರಿಜಾ ಹಲಗೆಯನ್ನು ತಟ್ಟಿ ನೋಡಿದಳು. ಸಾಗುವಾನಿಯ ಚುರುಕು ಅದರಲ್ಲಿರಲಿಲ್ಲ. ದುಂಡನೆಯ, ಮೆತ್ತನೆಯ ದನಿ.

ಮೈ ಸಿದ್ಧವಾಯಿತು. ಲಾಜರಸ್ ಎಂದಿನಂತೆ ಎಂಟು ಸಾವಿರ ಸುತ್ತಿನ ಪಿಕಪ್ ಕೂರಿಸಿದರು. ಎಲಿಯಾಸ್ ಬಂದು ನುಡಿಸಿದ. ಸ್ವರಗಳು ಒಂದಕ್ಕೊಂದು ಅಂಟಿಕೊಂಡು ಬಂದವು.

“ಸ್ವಲ್ಪ ಗಂಜಿ ಆದ ಹಾಗೆ ಉಂಟಲ್ಲ ಮಾಸ್ಟ್ರೇ,” ಎಂದ ಎಲಿಯಾಸ್, ಬಹಳ ಸಂಕೋಚದಿಂದ.

“ಸ್ಪೀಕರ್ ಹಾಳಾಗಿದೆ,” ಎಂದರು ಲಾಜರಸ್. ಸ್ಪೀಕರ್ ಬದಲಾಯಿತು. ಗಂಜಿ ಗಂಜಿಯಾಗಿಯೇ ಉಳಿಯಿತು. ಹೊಸ ತಂತಿ ಹಾಕಿಸಿದರು. ಅದಕ್ಕೂ ಜಗ್ಗಲಿಲ್ಲ. ಕೊನೆಗೆ, “ನಿನ್ನ ಕೈಯೇ ಸರಿ ಇಲ್ಲ ಮಾರಾಯ,” ಎಂದುಬಿಟ್ಟರು. ಪಾಪದ ಎಲಿಯಾಸ್ ತನ್ನ ಬೆರಳುಗಳನ್ನೇ ತಿರುಗಿಸಿ ನೋಡಿಕೊಂಡ. ಸೋಮವಾರ ಬರುತ್ತೇನೆ ಎಂದು ಹೇಳಿ ಹೋದ.

ವಾರಿಜಾ ಮೆಲ್ಲಗೆ ಕೇಳಿದಳು: “ಮಾಸ್ಟ್ರೇ, ಹಲಸಿಗೆ ಸುತ್ತು ಕಡಿಮೆ ಮಾಡಿದ್ರೆ ಹೇಗೆ?”

“ಮೂವತ್ತು ವರ್ಷದಿಂದ ಎಂಟು ಸಾವಿರ. ನೀನು ನಿನ್ನೆ ಬಂದವಳು ನನಗೆ ಹೇಳುದಾ?”

ಅವಳು ಮತ್ತೆ ಉಜ್ಜುವ ಕೆಲಸಕ್ಕೆ ಕೂತಳು. ಆದರೆ ಭಾನುವಾರ ಬೆಳಿಗ್ಗೆ ಮೇಸ್ತ್ರಿ ಪೂಜೆಗೆಂದು ಚರ್ಚಿಗೆ ಹೋದಾಗ ಅಂಗಡಿಯ ಬಾಗಿಲು ತೆಗೆದು ಕೂತಳು. ಆರು ವರ್ಷ ನೋಡಿ ಕಲಿತಂತೆ ಹೊಸ ಪಿಕಪ್ ಸುತ್ತಿದಳು. ಐದೂವರೆ ಸಾವಿರಕ್ಕೆ ನಿಲ್ಲಿಸಿದಳು. ಅದನ್ನು ಗಿಟಾರಿನಲ್ಲಿ ಕೂರಿಸಿ, ಮೇಲೆ ಮೇಸ್ತ್ರಿಯ ಮೀನಿನ ಮುಚ್ಚಳವನ್ನೇ ಹಾಕಿದಳು. ತನ್ನ ಹೆಸರಿನ ಆಸೆಯನ್ನು ಅಂದು ಅವಳೇ ಕೈಯಾರೆ ಬಿಟ್ಟುಕೊಟ್ಟಳು.

ಸೋಮವಾರ ಎಲಿಯಾಸ್ ಬಂದು ನುಡಿಸಿದ. ಆರು ತಂತಿಯೂ ಬೇರೆಬೇರೆಯಾಗಿ, ಸಿಹಿಯಾಗಿ ಕೇಳಿದವು. ಪಕ್ಕದ ಟೈಲರ್ ಅಂಗಡಿಯವರು ಮಿಷನ್ ನಿಲ್ಲಿಸಿ ಹೊರಗೆ ಬಂದರು. ಎಲಿಯಾಸ್ ಮೇಸ್ತ್ರಿಯ ಎರಡೂ ಕೈ ಹಿಡಿದುಕೊಂಡ. “ಈ ಕೈ ಬೇರೆ ಯಾರಿಗೂ ಇಲ್ಲ ಮಾಸ್ಟ್ರೇ.”

ಲಾಜರಸ್ ಹೆಸರು ಬರೆಯಲು ಪೆನ್ಸಿಲ್ ಎತ್ತಿಕೊಂಡವರು ಹಾಗೇ ನಿಂತರು. ಸ್ವಂತ ಪಿಕಪ್ಪಿನ ದನಿ ಅವರಿಗೆ ತಿಳಿಯದೇ? ಸ್ಕ್ರೂ ಬಿಚ್ಚಿ ಪಿಕಪ್ಪಿನ ಮುಚ್ಚಳ ಎತ್ತಿದರು. ಅವರು ಸುತ್ತು ಮುಗಿಸಿ ಬಿಳಿ ದಾರ ಕಟ್ಟುವವರು. ಇಲ್ಲಿ ಕೆಂಪು ದಾರ ಇತ್ತು.

“ಎಷ್ಟು ಸುತ್ತು?”

“ಐದೂವರೆ ಸಾವಿರ,” ಎಂದಳು ವಾರಿಜಾ.

“ಮೇಲೆ ನನ್ನ ಮೀನು ಯಾಕೆ ಇಟ್ಟೆ?”

“ನಿಮ್ಮ ಮರ್ಯಾದೆ ಹೋಗಬಾರದು ಅಂತ.”

‘ನಾನೇ ಹೇಳಿ ಮಾಡಿಸಿದ್ದು’ ಎಂದು ಒಂದು ಮಾತು ಹೇಳಿದ್ದರೆ ಲಾಜರಸ್ ಗೆದ್ದುಬಿಡುತ್ತಿದ್ದರು. ವಾರಿಜಾ ತುಟಿ ಬಿಚ್ಚುತ್ತಿರಲಿಲ್ಲ. ಅವರ ಜಾಗದಲ್ಲಿ ನಾನಿದ್ದರೆ ಹಾಗೆಯೇ ಹೇಳಿ ಗಡ್ಡ ನೀವಿಕೊಳ್ಳುತ್ತಿದ್ದೆ.

ಲಾಜರಸ್ ಎಲಿಯಾಸನ ಕಡೆ ತಿರುಗಿದರು. “ಇದು ನನ್ನ ಕೆಲಸ ಅಲ್ಲ. ನಿನ್ನ ಹಲಸನ್ನು ನಾನು ಒಂದು ಸಲ ತಟ್ಟಿ ಸಹ ನೋಡ್ಲಿಲ್ಲ. ಇವಳು ನೋಡಿದ್ದಾಳೆ. ನಿನ್ನ ಕೈ ಸರಿಯೇ ಇತ್ತು, ಅವತ್ತು ಹೇಳಿದ್ದು ನನ್ನ ತಪ್ಪು.” ಆಮೇಲೆ ಶಿಷ್ಯೆಗೆ ಹೇಳಿದರು: “ನನ್ನ ಮರ್ಯಾದೆ ಈ ಮುಚ್ಚಳದಷ್ಟೇ ಅಂತ ಎಣಿಸಿದೆಯಲ್ಲ, ಅದು ನಿನ್ನ ತಪ್ಪು.”

ಮೀನಿನ ಮುಚ್ಚಳವನ್ನು ಜೇಬಿಗೆ ಹಾಕಿಕೊಂಡು ಪೆನ್ಸಿಲನ್ನು ಅವಳ ಕೈಗೆ ಕೊಟ್ಟರು. “ಬರಿ. ದೊಡ್ಡದಾಗಿ ಬರಿ.”

ಅವಸರದಲ್ಲಿ ಅವಳ ಮೊದಲ ಅಕ್ಷರ ಸೊಟ್ಟಗಾಯಿತು. ಅಳಿಸಲು ಹೋದಳು, ಮೇಸ್ತ್ರಿ ಬಿಡಲಿಲ್ಲ. ಮುಚ್ಚಳವಿಲ್ಲದ ಪಿಕಪ್ಪಿನ, ಕೆಂಪು ದಾರದ ಆ ಗಿಟಾರನ್ನು ಎಲಿಯಾಸ್ ಮಗುವಿನ ಹಾಗೆ ಎತ್ತಿಕೊಂಡು ಹೋದ. ಅಂದಿನಿಂದ ಯಾರೇ ಅಂಗಡಿಗೆ ಬರಲಿ, ಲಾಜರಸ್ ಮೊದಲು ಹೇಳುತ್ತಿದ್ದದ್ದು ಆ ಗಿಟಾರಿನ ಸುದ್ದಿ. “ನನ್ನ ಶಿಷ್ಯೆ ಮಾಡಿದ್ದು, ಗೊತ್ತುಂಟಾ?” ಎನ್ನುವಾಗ ಅವರ ಎದೆ ಉಬ್ಬುತ್ತಿತ್ತು. ತಮ್ಮ ಸಾಗುವಾನಿಯ ಬಗ್ಗೆ ಹೇಳುವಾಗಲೂ ಅಷ್ಟು ಉಬ್ಬಿದ್ದನ್ನು ಓಣಿಯವರು ಕಂಡಿರಲಿಲ್ಲ.

ಮರುದಿನ ವಾರಿಜಾ ಬರುವಾಗ ಮೇಸ್ತ್ರಿ ಒಂದು ಸಾಗುವಾನಿ ಹಲಗೆಗೆ ಕಿವಿ ಒತ್ತಿ, ಕಣ್ಣು ಮುಚ್ಚಿ, ಬೆರಳಿನ ಗೆಣ್ಣಿನಿಂದ ತಟ್ಟುತ್ತಿದ್ದರು.

“ಎಂತ ಮಾಡ್ತಿದ್ದೀರಿ ಮಾಸ್ಟ್ರೇ?”

“ಸ್ವಲ್ಪ ಸುಮ್ಮನಿರು ವಾರಿಜಾ,” ಎಂದರು ಲಾಜರಸ್. “ಕೇಳುದಿಲ್ಲ.”

ನೀತಿ: ಒಂದು ಮರಕ್ಕೆ ಒಪ್ಪಿದ್ದು ಎಲ್ಲ ಮರಕ್ಕೂ ಒಪ್ಪಬೇಕೆಂದಿಲ್ಲ. ಎಷ್ಟು ಅನುಭವವಿದ್ದರೂ ಪ್ರತಿ ಸಲ ಕಿವಿಗೊಟ್ಟು ಕೇಳಬೇಕು. ಇನ್ನೊಬ್ಬರ ಒಳ್ಳೆಯ ಕೆಲಸವನ್ನು ಅವರ ಹೆಸರಿಗೇ ಬಿಟ್ಟುಕೊಡಬಲ್ಲವನ ಹೆಮ್ಮೆಯೇ ನಿಜವಾದ ಹೆಮ್ಮೆ.