ನಾಲ್ಕರ ಹಸಿವು

"ಅವ್ವನವರೇ, ಕೀಲಿಕೈಯನ್ನು ಯಾರಿಗೆ ಕೊಡಲಿ? ಬಲವಿದ್ದವಳಿಗೋ, ಮೆತ್ತಗಿರುವವಳಿಗೋ?" ಎಂದು ನೀಲಮ್ಮ ಕೇಳಿದಳು.

ನೀಲಮ್ಮ ಅವ್ವನವರು ನಡೆಸುತ್ತಿದ್ದ ಆಶ್ರಮದ ಹಿರಿಯ ಶಿಷ್ಯೆ. ಆಶ್ರಮದ ಹಿತ್ತಲಲ್ಲಿ ದಿಕ್ಕಿಲ್ಲದ ಮಕ್ಕಳ ಮನೆಯೊಂದಿತ್ತು. ಆ ಮನೆಯನ್ನು ನೋಡಿಕೊಳ್ಳುತ್ತಿದ್ದ ಮುದುಕಿ ತೀರಿಕೊಂಡಿದ್ದಳು. ಅವಳ ಜಾಗಕ್ಕೆ ಇಬ್ಬರು ಬಂದಿದ್ದರು. ಹನುಮವ್ವ ಎಂಬವಳದು ಅಗಲವಾದ ಅಂಗೈ, ಹೊಲದಾಚೆಗೂ ಕೇಳುವ ದನಿ. ಕುಸುಮ ಎಂಬವಳು ನೆಲ ನೋಡಿ ನಡೆಯುವವಳು, ಹೇಳಿದ್ದಕ್ಕೆಲ್ಲ ಹೂಂ ಎನ್ನುವವಳು.

"ಪೆಟ್ಟು ತಿಂದು ಬಂದ ಮಕ್ಕಳು, ಅವ್ವನವರೇ. ಬಾಯಿಬಿಟ್ಟು ಒಂದು ಲೋಟ ನೀರನ್ನೂ ಕೇಳುವುದಿಲ್ಲ. ಹನುಮವ್ವ ಬಾಗಿಲಲ್ಲಿ ಬಂದು ನಿಂತರೆ ನನಗೇ ಎದೆ ಝಲ್ಲೆನ್ನುತ್ತದೆ. ಇನ್ನು ಆ ಕೂಸುಗಳ ಗತಿಯೇನು? ಅದಕ್ಕೇ ಕುಸುಮಳನ್ನು ಅಲ್ಲಿ ಬಿಟ್ಟು ನೋಡುತ್ತಿದ್ದೇನೆ. ನಾಳೆ ಹನುಮವ್ವನನ್ನು ಊರಿಗೆ ಕಳಿಸಿಬಿಡಲೇ?"

ನಿನ್ನೆ ಸಂಜೆ ಮಕ್ಕಳ ಮನೆಯಿಂದ ಬಂದ ಒಂದು ದನಿಯ ವಿಷಯವನ್ನು ಮಾತ್ರ ಅವಳು ಹೇಳಲಿಲ್ಲ.

ಅವ್ವನವರು ಅವರೆಕಾಯಿ ಬಿಡಿಸುತ್ತಿದ್ದರು. ಮೊರವನ್ನು ಪಕ್ಕಕ್ಕೆ ಸರಿಸಿದರು. "ಕೂತುಕೋ" ಎಂದು ಈ ಕತೆ ಹೇಳಿದರು.

ಒಬ್ಬ ಬೆಲ್ಲದ ವ್ಯಾಪಾರಿ. ಅವನಿಗೊಬ್ಬ ಅಣ್ಣನಿದ್ದ. ಅಣ್ಣನದು ಪಳಗಿದ ಕೈ. ಅವನು ತೇಗದ ಹಲಗೆ ಕೊಯ್ದು ಎರಡು ಸ್ಪೀಕರ್ ಮಾಡಿದ. ಒಳಗಿನ ತಂತಿಯ ಸುರುಳಿಯನ್ನು ತಾನೇ ಸುತ್ತಿದ, ಕಾಗದದ ಬಟ್ಟಲನ್ನು ತಾನೇ ಅಂಟಿಸಿದ. ಕೊನೆಗೆ ಪೆಟ್ಟಿಗೆಯ ಬೆನ್ನಿಗೆ ಬಿಳಿಯ ಬಣ್ಣದಲ್ಲಿ ನಾಲ್ಕು ಎಂದು ಬರೆದ. ಅದು ಸ್ಪೀಕರಿನ ಓಮ್, ಅಂದರೆ ಅದು ವಿದ್ಯುತ್ತಿಗೆ ಒಡ್ಡುವ ತಡೆಯ ಲೆಕ್ಕ. ಹಾಗೆಂದರೇನು ಎಂದು ತಮ್ಮ ಕೇಳಲಿಲ್ಲ. ಅಣ್ಣ ಸತ್ತುಹೋದ ಮೇಲೆ ಕೇಳೋಣವೆಂದರೆ ಯಾರಿದ್ದಾರೆ?

ಅವರ ತಾಯಿಗೆ ಕಿವಿ ಪೂರ್ತಿ ಹೋಗಿತ್ತು. ಮಧ್ಯಾಹ್ನ ಮನೆಯವರು ಸಿನಿಮಾ ಹಾಕಿದಾಗ ಅವಳೂ ಬಂದು ಪೆಟ್ಟಿಗೆಗೆ ಒತ್ತಿ ಕೂರುತ್ತಿದ್ದಳು. ಮರದ ಮೇಲೆ ಅಂಗೈ ಇಡುತ್ತಿದ್ದಳು. ಸಿನಿಮಾದಲ್ಲಿ ತಮಟೆ ಬಡಿದರೆ ಮರ ನಡುಗುತ್ತಿತ್ತು. "ದೊಡ್ಡವನು ಮಾತಾಡುತ್ತಿದ್ದಾನೆ" ಎನ್ನುತ್ತಿದ್ದಳು. ಆ ನಡುಕ ಇರುವಷ್ಟು ಹೊತ್ತು ಹಿರಿಮಗ ಅವಳ ಪಾಲಿಗೆ ಬದುಕಿರುತ್ತಿದ್ದ.

ಒಂದು ದಿನ ಸ್ಪೀಕರುಗಳಿಗೆ ಬಲ ಕೊಡುತ್ತಿದ್ದ ಹಳೆಯ ಯಂತ್ರ ಕೆಟ್ಟುಹೋಯಿತು. ರಿಪೇರಿಯವರು ಕೈಚೆಲ್ಲಿದರು. ಈಗ ಹೋಮ್ ಥಿಯೇಟರ್ ರಿಸೀವರ್ ಎಂದು ಬರುತ್ತದೆ, ಅದನ್ನು ತಂದು ಜೋಡಿಸು ಎಂದರು. ಅಂದಿನಿಂದ ವ್ಯಾಪಾರಿಗೆ ಅನ್ನ ಸೇರಲಿಲ್ಲ. ತಪ್ಪು ಯಂತ್ರ ತಂದು ಸ್ಪೀಕರ್ ಸುಟ್ಟರೆ, ಮತ್ತೊಂದನ್ನು ಮಾಡಿಕೊಡಲು ಅಣ್ಣ ಎದ್ದು ಬರುವುದಿಲ್ಲ. ತಾಯಿಯೋ ದಿನವೂ ಬಂದು ಮರದ ಮೇಲೆ ಕೈಯಿಡುತ್ತಿದ್ದಳು. ಏನೂ ಸಿಗದೆ ಕಿರಿಮಗನ ಮುಖ ನೋಡುತ್ತಿದ್ದಳು. ಅವನು ಮುಖ ತಿರುಗಿಸಿಕೊಳ್ಳುತ್ತಿದ್ದ.

ಅವನು ಪೇಟೆಗೆ ಹೋದ. ಅಂಗಡಿಯವನು ಮೊದಲು ಕೇಳಿದ್ದು ಒಂದೇ ಮಾತು.

"ಸ್ಪೀಕರಿನ ಬೆನ್ನ ಮೇಲೆ ಎಷ್ಟು ಅಂತ ಬರೆದಿದೆ?"

"ನಾಲ್ಕು."

ಅಂಗಡಿಯವನು ದೊಡ್ಡದೊಂದು ರಿಸೀವರನ್ನು ತೋರಿಸಿದ. ಕಪ್ಪಗೆ, ತಗ್ಗಾಗಿ, ಎತ್ತಲು ಇಬ್ಬರು ಬೇಕು ಎನ್ನುವ ಹಾಗಿತ್ತು. ವ್ಯಾಪಾರಿಗೆ ಅದು ಮಲಗಿದ ಪ್ರಾಣಿಯಂತೆ ಕಂಡಿತು. ಅವನು ಒಂದು ಹೆಜ್ಜೆ ಹಿಂದೆ ಸರಿದ.

"ಬರೀ ನಾಲ್ಕಪ್ಪಾ! ಅಷ್ಟು ಚಿಕ್ಕದಕ್ಕೆ ಇಷ್ಟು ದೊಡ್ಡದೇ?"

"ಎಲ್ಲರೂ ಎಡವುವುದು ಅಲ್ಲಿಯೇ, ಯಜಮಾನರೇ. ಈ ಲೆಕ್ಕದಲ್ಲಿ ಸಂಖ್ಯೆ ಚಿಕ್ಕದಾದಷ್ಟೂ ಹಸಿವು ದೊಡ್ಡದು. ಎಂಟು ಎಂದು ಬರೆದ ಸ್ಪೀಕರ್ ಕೊಟ್ಟಷ್ಟು ಉಂಡು ಸುಮ್ಮನಿರುತ್ತದೆ. ನಾಲ್ಕರದು ಸದ್ದಿಲ್ಲದೆ ಎಳೆದುಕೊಳ್ಳುತ್ತದೆ. ಬಡಿಸುವವನಿಗೆ ಕಸುವಿರಬೇಕು."

"ನನ್ನ ಅಣ್ಣ ಕಾಗದದಲ್ಲಿ ಮಾಡಿದ್ದು ಕಣಪ್ಪಾ. ಅದರ ಮೇಲೆ ಆನೆ ಹತ್ತಿಸು ಎನ್ನುತ್ತೀಯಲ್ಲ!"

"ಅಂಕುಶ ನಿಮ್ಮ ಕೈಯಲ್ಲೇ ಇರುತ್ತದಲ್ಲ. ಈ ಗುಂಡಿಯನ್ನು ಒಂದಿಷ್ಟೇ ತಿರುಗಿಸಿ. ನಂಬಿಕೆಯಿಲ್ಲವೇ, ಸ್ಪೀಕರುಗಳನ್ನು ಇಲ್ಲಿಗೆ ತನ್ನಿ. ಜೋಡಿಸಿ ನೋಡೋಣ. ತಿರುಗಿಸುವುದು ನೀವೇ."

ಮಾತು ನೇರವಾಗಿತ್ತು. ಆದರೆ ವ್ಯಾಪಾರಿಯೂ ಅಂಗಡಿಯಲ್ಲಿ ಕೂತವನೇ. ಬಂದ ಗಿರಾಕಿಗೆ ಮೊದಲು ದೊಡ್ಡ ಅಚ್ಚಿನ ಬೆಲ್ಲವನ್ನೇ ತೋರಿಸುವವನು. ತನ್ನ ಬುದ್ಧಿಯೇ ಲೋಕಕ್ಕೆಲ್ಲ ಇದೆ ಎಂದುಕೊಂಡ. ಮನೆಯಲ್ಲಿ ಕೇಳಿ ಬರುತ್ತೇನೆ ಎಂದು ಹೇಳಿ ಹೊರಗೆ ಬಂದ. ಬೀದಿಯ ಕೊನೆಯ ಇನ್ನೊಂದು ಅಂಗಡಿಗೆ ಹೋದ. ಅಲ್ಲಿ ಬೆನ್ನ ಮೇಲಿನ ಸಂಖ್ಯೆಯನ್ನು ಯಾರೂ ಕೇಳಲಿಲ್ಲ. ಅವನೂ ಹೇಳಲಿಲ್ಲ. ಕಂಕುಳಲ್ಲಿ ಹಿಡಿಯುವಂಥ ಸಣ್ಣ ರಿಸೀವರೊಂದನ್ನು ಆರಿಸಿದ. ಇಷ್ಟು ಸಾಧುವಾದದ್ದು ಯಾರಿಗೆ ಏನು ಮಾಡೀತು ಎಂದು ಮಗುವನ್ನು ಎತ್ತಿಕೊಂಡಂತೆ ಎತ್ತಿಕೊಂಡು ಬಂದ.

ಮೊದಲ ದಿನ ದನಿ ಮೆಲ್ಲಗೆ, ಹಿತವಾಗಿ ಬಂತು. ವ್ಯಾಪಾರಿ ಉಸಿರು ಬಿಟ್ಟ. ತಾಯಿ ಬಂದು ಅಂಗೈ ಇಟ್ಟಳು. ಬಹಳ ಹೊತ್ತು ಇಟ್ಟಳು.

"ದೊಡ್ಡವನಿಗೆ ಮೈಯಲ್ಲಿ ಹುಷಾರಿಲ್ಲವೇನೋ? ಕೈಗೇ ಬರುತ್ತಿಲ್ಲ. ಇನ್ನಷ್ಟು ಕೊಡೋ."

ಅವನು ಗುಂಡಿಯನ್ನು ತಿರುಗಿಸಿದ. ಅವಳು ಮತ್ತೂ ಬೇಕೆಂದು ಕೈಸನ್ನೆ ಮಾಡಿದಳು. ಹೀಗೇ ದಿನಗಳು ಹೋದವು. ಗುಂಡಿ ದಿನಕ್ಕಿಷ್ಟು ಮುಂದೆ ಹೋಯಿತು. ರಿಸೀವರಿನ ಮುಚ್ಚಳ ಬಿಸಿಯಾಗತೊಡಗಿತು, ರೊಟ್ಟಿಯ ಹೆಂಚಿನ ಹಾಗೆ. ವ್ಯಾಪಾರಿಗೆ ಭಯವಾಯಿತು. ಅದರ ಎದುರಿಗೆ ಒಂದು ಫ್ಯಾನ್ ಇಟ್ಟ. ಬಾಗಿಲಲ್ಲಿ ನಿಂತು ಮೂಗರಳಿಸಿ ವಾಸನೆ ನೋಡುವುದು ಅವನಿಗೆ ರೂಢಿಯಾಯಿತು. ದೊಡ್ಡದಕ್ಕೆ ಹೆದರಿ ಸಣ್ಣದನ್ನು ತಂದವನು ಈಗ ಸಣ್ಣದಕ್ಕೂ ಹೆದರುತ್ತಿದ್ದ. ಆದರೂ ಅದನ್ನು ಹಿಂದಕ್ಕೆ ಕೊಡಲಿಲ್ಲ. ಕೊಟ್ಟರೆ ತಾನು ಆರಿಸಿದ್ದು ತಪ್ಪು ಎಂದಾಗುತ್ತಿತ್ತು.

ಒಂದು ಮಧ್ಯಾಹ್ನ ಗುಂಡಿ ಕೊನೆ ಮುಟ್ಟಿತು. ಆಗ ಬಂದದ್ದು ತಮಟೆಯಲ್ಲ, ಹಾಡಲ್ಲ. ತಗಡನ್ನು ಹರಿದಂತೆ ಒಂದು ಅರಚಾಟ. ಮೆಲ್ಲಗೆ ನುಡಿಯುತ್ತಿದ್ದ ಆ ಸಾಧು ರಿಸೀವರಿನ ಒಳಗಿಂದಲೇ ಅದು ಹುಟ್ಟಿ ಬಂತು.

ಕತೆ ಕೇಳುತ್ತಿದ್ದ ನೀಲಮ್ಮನಿಗೆ ತಾನು ಹೇಳದೆ ಬಿಟ್ಟ ದನಿ ನೆನಪಾಯಿತು. ನಿನ್ನೆ ಸಂಜೆ ಮಕ್ಕಳ ಮನೆಯಲ್ಲಿ ಕುಸುಮ ಒಬ್ಬಳೇ ಇದ್ದಳು. ಮಕ್ಕಳು ಉಣ್ಣುತ್ತಿರಲಿಲ್ಲ. ಒಂದೊಂದನ್ನೇ ಮೆಲ್ಲಗೆ ರಮಿಸುವ ಮಾತು ಅಡುಗೆಮನೆಗೂ ಕೇಳುತ್ತಿತ್ತು. ಆಮೇಲೆ ಇದ್ದಕ್ಕಿದ್ದಂತೆ ಅವಳದೇ ಕಿರುಚಾಟ, ಬಟ್ಟಲು ಗೋಡೆಗೆ ಬಡಿದ ಸದ್ದು, ಅದರ ಹಿಂದೆ ಒಂದು ಮಗುವಿನ ಅಳುವೂ ಇಲ್ಲದ ಮೌನ. ನೀಲಮ್ಮ ಎದ್ದು ಅಡುಗೆಮನೆಯ ಬಾಗಿಲು ಹಾಕಿಕೊಂಡಿದ್ದಳು. ಯಾವುದೋ ಹಕ್ಕಿ ಎಂದು ತನಗೆ ತಾನೇ ಹೇಳಿಕೊಂಡಿದ್ದಳು.

ಅವ್ವನವರು ಕತೆ ಮುಂದುವರಿಸಿದರು.

ಏನೋ ಕೆಡುತ್ತಿದೆ ಎಂದು ವ್ಯಾಪಾರಿಗೆ ತಿಳಿಯಿತು. ಗುಂಡಿಯನ್ನು ಹಿಂದಕ್ಕೆ ತಿರುಗಿಸಬೇಕು ಎಂದೂ ತಿಳಿಯಿತು. ಆದರೆ ತಾಯಿಯ ಮುಖ ಆಗತಾನೇ ಅರಳುತ್ತಿತ್ತು. ಅವಳಿಗೆ ಅರಚಾಟ ಕೇಳುವುದಿಲ್ಲ, ನಡುಕವಷ್ಟೇ ಗೊತ್ತು. ಇನ್ನೊಂದು ಕ್ಷಣ ಎಂದು ಅವನು ಕೈ ತಡೆದ. ಅಷ್ಟರಲ್ಲಿ ಸುಟ್ಟ ವಾಸನೆ ಬಂತು. ತಾಯಿ ಕೈಯಿಟ್ಟಿದ್ದ ಸ್ಪೀಕರ್ ಮೂಕವಾಯಿತು.

ತಾಯಿ ಕೈ ತೆಗೆಯಲಿಲ್ಲ. ಮರವನ್ನು ಮೇಲಿಂದ ಕೆಳಗಿನ ತನಕ ಸವರಿದಳು. ಆಮೇಲೆ ಮಗನ ಕಡೆಗೆ ತಿರುಗಿದಳು.

"ತಣ್ಣಗಾಗಿಬಿಟ್ಟ ಕಣೋ" ಎಂದಳು.

ವ್ಯಾಪಾರಿ ಆ ಸ್ಪೀಕರನ್ನು ಹೊತ್ತುಕೊಂಡು ಮೊದಲನೆಯ ಅಂಗಡಿಗೆ ಓಡಿದ. ಅಂಗಡಿಯವನು ಬಿಚ್ಚಿ ನೋಡಿದ. ಅಣ್ಣ ಸುತ್ತಿದ ತಂತಿ ಇದ್ದಿಲಾಗಿತ್ತು.

"ಯಾವ ಆನೆ ತುಳಿಯಿತು, ಯಜಮಾನರೇ?"

"ಆನೆಯಲ್ಲಪ್ಪಾ. ಇಲಿ."

ಅಂಗಡಿಯವನು ನಗಲಿಲ್ಲ. "ಕಸುವಿದ್ದದ್ದು ಮೆಲ್ಲಗೂ ನುಡಿಯಬಲ್ಲದು. ಕಸುವು ತೀರಿದ ಮೇಲೂ ಬಡಿಸು ಬಡಿಸು ಎಂದರೆ ಅದು ಅರಚುತ್ತದೆ. ಸುಡುವುದು ಆ ಅರಚಾಟ. ಅಂದೇ ಇದನ್ನು ಇಲ್ಲಿಗೆ ತಂದಿದ್ದರೆ ನಿಮ್ಮ ಕಿವಿಯೇ ನಿಮಗೆ ಹೇಳುತ್ತಿತ್ತು."

ಅವ್ವನವರು ಮೊರವನ್ನು ಮತ್ತೆ ಮುಂದಕ್ಕೆ ಎಳೆದುಕೊಂಡರು. ಒಂದು ಕಾಯಿ ಬಿಡಿಸಿದರು.

ನೀಲಮ್ಮ ಕೇಳಿದಳು. "ಹಾಗಾದರೆ ಬಲವಿದ್ದವರೆಲ್ಲ ಒಳ್ಳೆಯವರೇ, ಅವ್ವನವರೇ?"

"ಹಾಗೆಂದು ಅಂಗಡಿಯವನೂ ಹೇಳಲಿಲ್ಲವಲ್ಲ. ಜೋಡಿಸಿ ನೋಡು ಎಂದ. ಗುಂಡಿ ನಿನ್ನ ಕೈಯಲ್ಲಿರಲಿ ಎಂದ. ಹನುಮವ್ವನನ್ನು ಒಂದು ದಿನವಾದರೂ ಆ ಮನೆಯೊಳಗೆ ಕೂರಿಸಿ ನೋಡಿದೆಯಾ?"

"ಇಲ್ಲ. ಭಯವಾಯಿತು." ನೀಲಮ್ಮ ಸೆರಗಿನ ತುದಿಯಲ್ಲಿದ್ದ ಕೀಲಿಕೈಯನ್ನು ಬಿಗಿಯಾಗಿ ಹಿಡಿದಳು. "ಆದರೂ ಕುಸುಮ ಬಲು ಮೆತ್ತಗಿನವಳು, ಅವ್ವನವರೇ. ಇರುವೆಗೂ ನೋವು ಮಾಡುವವಳಲ್ಲ."

ಅವ್ವನವರು ತಲೆ ಎತ್ತಿ ಅವಳನ್ನು ನೋಡಿದರು.

"ಹಾಗಾದರೆ ನಿನ್ನೆ ಸಂಜೆ ಯಾರ ದನಿ ಕೇಳಬಾರದೆಂದು ಅಡುಗೆಮನೆಯ ಬಾಗಿಲು ಹಾಕಿಕೊಂಡೆ, ನೀಲಮ್ಮ?"